ಹದಿನೆಂಟು ನಿಮಿಷದ ದೂರದಲ್ಲಿರುವ ಕಾಲೇಜು

ಯಾವುದೇ ಎರಡು ವಿಮಾನ ನಿಲ್ದಾಣಗಳ ನಡುವಿನ ದೂರವನ್ನೂ ಪ್ರಯಾಣದ ಅವಧಿಯನ್ನೂ ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳಿಬಿಡುವ ಜಾಲತಾಣದ ಲೆಕ್ಕಯಂತ್ರದವರ ಸನ್ನಿಧಿಗೆ,

ಮಾನ್ಯರೇ,

ನಾನು ತಲುಪಿದ್ದಕ್ಕಿಂತ ಬೇಗ ಈ ಪತ್ರ ತಮ್ಮನ್ನು ತಲುಪಲಿ ಎಂಬ ಹಾರೈಕೆಯೊಂದಿಗೆ ವಂದನೆಗಳು. ಎದುರು ನಿಂತು ಜಗಳವಾಡಲು ನನಗೆ ಬಾಯಿ ಬರುವುದಿಲ್ಲ, ತಮಗೋ ಬಾಯಿಯೇ ಇಲ್ಲ. ಹೀಗಾಗಿ ಇಬ್ಬರಿಗೂ ಪತ್ರವೇ ಅನುಕೂಲ.

ಪಕ್ಕದ ದ್ವೀಪದ ಕಾಲೇಜಿನಲ್ಲಿ ಸಾಹಿತ್ಯದ ಉಪನ್ಯಾಸಕರ ಹುದ್ದೆಯೊಂದು ಖಾಲಿಯಿತ್ತು. ಎರಡೂ ದ್ವೀಪಗಳನ್ನು ಜಾಲಾಡಿದರೂ ನನ್ನ ಓದಿಗೆ ಹೊಂದುವ ಕೆಲಸ ಅದೊಂದೇ. ಸಂದರ್ಶನ ಬೆಳಿಗ್ಗೆ ಹನ್ನೊಂದಕ್ಕೆ. ತಮ್ಮನ್ನು ವಿಚಾರಿಸಿದಾಗ ದೂರ ಇನ್ನೂರ ನಲವತ್ತು ಕಿಲೋಮೀಟರ್, ಪ್ರಯಾಣ ಹದಿನೆಂಟು ನಿಮಿಷ ಎಂದು ಅಪ್ಪಣೆ ಕೊಡಿಸಿದಿರಿ. ದರ್ಜಿಯಾದ ಅಪ್ಪ ನನ್ನ ಬಟ್ಟೆಗೆ ಇಸ್ತ್ರಿ ಹಾಕುತ್ತ, "ಇದರ ಬಿಸಿ ಆರೋದ್ರೊಳಗೆ ಅಲ್ಲಿರ್ತೀಯ ಬಿಡು" ಎಂದರು. "ಹದಿನೆಂಟು ನಿಮಿಷಕ್ಕೆ ಡಬ್ಬಿ ಬೇರೆ ಕೇಡು" ಎಂದು ಅಮ್ಮ ಊಟ ಕಟ್ಟಲಿಲ್ಲ.

ಹೊರಡುವ ಹೊತ್ತಿಗೆ ಕೌಂಟರಿನಲ್ಲೇ ಟಿಕೆಟ್ ಕೊಳ್ಳುವುದು ನಮ್ಮ ಪುಟ್ಟ ನಿಲ್ದಾಣದ ರೂಢಿ. ಅಲ್ಲಿನ ಮಹಿಳೆ ತಲೆಯೆತ್ತದೆ, "ನೇರ ವಿಮಾನ ಯಾವತ್ತೂ ಇರ್ಲಿಲ್ಲಮ್ಮ. ಆ ದ್ವೀಪ ದಾಟಿ ಆಚೆ ದಡದ ಊರಿಗೆ ಹೋಗಿ, ನಾಲ್ಕು ಗಂಟೆ ಕೂತು, ಇನ್ನೊಂದರಲ್ಲಿ ದ್ವೀಪಕ್ಕೆ ವಾಪಸ್ ಬರ್ಬೇಕು" ಎಂದರು. ಹದಿನೆಂಟು ನಿಮಿಷ ಎಂದು ನಾನು ಗೊಣಗಿದ್ದಕ್ಕೆ, "ಹಾಗಂದ್ಕೊಂಡು ವಾರಕ್ಕೊಬ್ರು ಬರ್ತಾರೆ. ಪಾಪ, ಎಲ್ಲಾ ಓದಿದೋರೇ" ಎಂದರು.

ಆದರೂ ತಮ್ಮ ಮಾತು ಸುಳ್ಳಾಗಲಿಲ್ಲ. ಹನ್ನೊಂದಕ್ಕೆ ಸರಿಯಾಗಿ ನಾನು ಕಾಲೇಜಿನಲ್ಲಿ ಹಾಜರಿದ್ದೆ, ಸ್ವಲ್ಪ ಮೇಲೆ. ಕಿಟಕಿಯಿಂದ ಕೆಂಪು ಹೆಂಚು, ಆಟದ ಮೈದಾನ, ಒಣಗಲು ಹಾಕಿದ ಒಂದು ಹಳದಿ ಪರದೆ ಎಲ್ಲವೂ ಕಂಡವು. ಹಾಜರಿ ಹಾಕಿಕೊಳ್ಳುವವರು ಮಾತ್ರ ಕಾಣಲಿಲ್ಲ. ಮುಂದಿನ ಸೀಟಿನ ಹಿರಿಯರೊಬ್ಬರು ಅದೇ ಹೆಂಚನ್ನು ನೋಡಿ, "ಥತ್, ಇಲ್ಲೇ ಇಳೀಬೇಕಿತ್ತು ನಾನು" ಎಂದು ಕೈ ಕೈ ಹಿಸುಕಿಕೊಂಡರು. ನನ್ನನ್ನು ಪ್ರಶ್ನಿಸಬೇಕಿದ್ದ ವಿಷಯ ತಜ್ಞರು ಅವರೇ ಎಂಬುದು ಸಂಜೆ ಐದಕ್ಕೆ, ಇಬ್ಬರೂ ಒಂದೇ ಬಾಗಿಲಿನಲ್ಲಿ ಏದುಸಿರು ಬಿಡುತ್ತ ನಿಂತಾಗ ತಿಳಿಯಿತು. ಅವರಿಗೂ ದಾರಿ ಹೇಳಿದವರು ತಾವೇ. ಅವರಿಲ್ಲದೆ ಸಂದರ್ಶನ ಶುರುವಾಗುವಂತಿರಲಿಲ್ಲವಾದ್ದರಿಂದ ನಾನು ಬಚಾವಾದೆ. ಹೊತ್ತಿಗೆ ಮುಂಚೆ ಬಂದಿದ್ದ ಉಳಿದ ಅಭ್ಯರ್ಥಿಗಳು ಆರು ಗಂಟೆ ಬೆಂಚು ಕಾಯಿಸಿ, ಆಕಳಿಸುತ್ತಲೇ ಉತ್ತರ ಕೊಟ್ಟರಂತೆ. ಕೆಲಸ ನನಗೇ ಸಿಕ್ಕಿತು. ಈ ಉಪಕಾರವನ್ನು ಮರೆಯಲಾರೆ.

ಆದ್ದರಿಂದ ಎರಡೇ ಬಿನ್ನಹ. ನಕ್ಷೆಯಲ್ಲಿ ತಾವು ಎರಡು ದ್ವೀಪಗಳ ನಡುವೆ ಎಳೆದಿರುವ ಆ ಚೆಂದದ ನೀಲಿ ಗೆರೆಯ ಮೇಲೆ ದಿನಕ್ಕೊಂದು ವಿಮಾನ ಓಡಿಸುವುದು. ಅದು ಕಷ್ಟವೆನಿಸಿದರೆ ಗೆರೆಯ ಎರಡೂ ತುದಿ ಹಿಡಿದು ಜಗ್ಗಿ, ದ್ವೀಪಗಳನ್ನು ನಡೆದು ಹೋಗುವಷ್ಟು ಹತ್ತಿರಕ್ಕೆ ತರುವುದು. ತಮ್ಮಂಥವರಿಗೆ ಇದು ಯಾವ ಮಹಾ ಕೆಲಸ.

ತಮ್ಮ ವಿಶ್ವಾಸಿ,
ಕೊನೆಗೂ ತಲುಪಿದ ಪ್ರಯಾಣಿಕಳು

ವಿ.ಸೂ.: ನೇಮಕದ ಆದೇಶ ಇಂದು ಬಂದಿದೆ. "ಉಪನ್ಯಾಸಕಿಯ ಮನೆ ಕಾಲೇಜಿನಿಂದ ಕೇವಲ ಹದಿನೆಂಟು ನಿಮಿಷದ ದೂರದಲ್ಲಿರುವುದರಿಂದ ವಸತಿಗೃಹದ ಅಗತ್ಯ ಕಾಣುವುದಿಲ್ಲ, ದಿನವೂ ಒಂಬತ್ತಕ್ಕೆ ಹಾಜರಾಗತಕ್ಕದ್ದು" ಎಂದಿದೆ. ಆಧಾರ ಎಂಬಲ್ಲಿ ತಮ್ಮ ಶುಭನಾಮ. ಇದನ್ನು ಬರೆದ ಗುಮಾಸ್ತರು ಆ ದ್ವೀಪಕ್ಕೆ ಹೊಸದಾಗಿ ವರ್ಗವಾಗಿ ಬಂದವರು. ಫೋನು ಮಾಡಿ ಅವರನ್ನು ನಾಳೆ ಮಧ್ಯಾಹ್ನ ನಮ್ಮ ಮನೆಗೆ ಊಟಕ್ಕೆ ಕರೆದಿದ್ದೇನೆ. ಎಲೆ ಹಾಕಿರಿ, ಇಲ್ಲಿಂದ್ಲೇ ಕೈತೊಳೆದುಕೊಂಡು ಹೊರಡ್ತೀನಿ ಎಂದಿದ್ದಾರೆ.