ರೈಲು ಹತ್ತಿದ ಹಸಿರು ಸೀರೆ

ಹಾವೇರಿ ಜಿಲ್ಲೆಯಲ್ಲಿ ನಮ್ಮ ಭಾವನವರಷ್ಟು ಒಂಟಿಯಾದ ಗಂಡಸು ಇನ್ನೊಬ್ಬರಿಲ್ಲ. ನಂಬಿಕೆ ಬಾರದಿದ್ದರೆ ಬ್ಯಾಡಗಿಯ ನಮ್ಮ ಮನೆಗೆ ಬಂದು ನೋಡಿ. ಬರುವಾಗ ಚಪ್ಪಲಿ ಕೈಯಲ್ಲೇ ಹಿಡಿದುಕೊಳ್ಳಿ, ಬಾಗಿಲಲ್ಲಿ ಬಿಡಲು ಜಾಗವಿರುವುದಿಲ್ಲ! ಹೆಂಡತಿ, ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ತಮ್ಮನೆಂದು ನನ್ನ ಗಂಡ, ಅವರ ಹಿಂದೆ ನಾನು. ಭಾವನವರು ಬಚ್ಚಲಿಗೆ ಹೋದರೂ ಬಾಗಿಲು ಬಡಿದು "ಎಷ್ಟೊತ್ರೀ?" ಎನ್ನುವವರು ಇದ್ದೇ ಇರುತ್ತಾರೆ. ಇಂಥ ಮನುಷ್ಯ ಪಡಸಾಲೆಯ ಕುರ್ಚಿಯಲ್ಲಿ ಕೂತು ಬರೆಯುವುದೇನು? "ಅವನಿಗೆ ಈ ಲೋಕದಲ್ಲಿ ತನ್ನವರೆಂಬವರು ಯಾರೂ ಇರಲಿಲ್ಲ." ಅಷ್ಟು ಬರೆದು ಒಳಗೆ ಕೂಗುತ್ತಾರೆ: "ಏ, ಯಾರರೆ ಚಹಾ ತರ್ರಿ!"

ರಾಣೆಬೆನ್ನೂರಿನ ಬೀಜದ ಕಂಪನಿಯೊಂದರ ಗೋದಾಮು ನೋಡಿಕೊಂಡು ನಿವೃತ್ತರಾದವರು ಅವರು. ಜೀವನವೆಲ್ಲ ಮೊಳಕೆಯೊಡೆಯುವುದನ್ನೇ ಕಾಯ್ದ ಮನುಷ್ಯ, ಕಥೆಯಲ್ಲಿ ಮಾತ್ರ ಒಂದು ಪ್ರೀತಿಯನ್ನೂ ಚಿಗುರಲು ಬಿಡುವುದಿಲ್ಲ. ನಾಯಕನಿಗೆ ಒಂದು ಕೋಣೆ, ಒಂದು ತಟ್ಟೆ, ಒಂದು ಹರಕು ಕೊಡೆ. ಹಸಿರು ಸೀರೆಯ ಹೆಣ್ಣೊಬ್ಬಳು ರಾಣೆಬೆನ್ನೂರು ನಿಲ್ದಾಣದಲ್ಲಿ ರೈಲು ಹತ್ತುತ್ತಾಳೆ. ಅವನು ಎರಡು ಕೈಯಲ್ಲಿ ಎರಡು ಚಹಾ ಹಿಡಿದು ಓಡುತ್ತಾನೆ. ರೈಲು ಬಿಡುತ್ತದೆ. ಅವಳು ಹೊರಳಿ ನೋಡುವುದಿಲ್ಲ. ಚಹಾ ತಣ್ಣಗಾಗುತ್ತದೆ. ಮುಗಿಯಿತು ಕಥೆ! ನಾಯಕ ಒಮ್ಮೆ ಮಾಸ್ತರ, ಒಮ್ಮೆ ದರ್ಜಿ, ಒಮ್ಮೆ ಹಾವೇರಿ ಕೋರ್ಟಿನ ವಕೀಲ. ಸೀರೆ, ರೈಲು, ಚಹಾ ಮಾತ್ರ ಬದಲಾಗುವುದಿಲ್ಲ.

"ಭಾವಾರ, ಒಮ್ಮೆರೆ ಅಕಿ ಬಸ್ಸಿಗೆ ಹೋಗ್ಲಿ" ಎಂದು ನಾನೇ ಕೇಳಿಕೊಂಡಿದ್ದೇನೆ.

"ಬಸ್ಸು ಕೈ ಮಾಡಿದ್ರ ನಿಲ್ತೈತಿ ತಂಗಿ. ಕಥಿ ಕೆಡತೈತಿ" ಎಂದರು.

ನಾನು ಶನಿವಾರ ತಪ್ಪದೆ ಕದರಮಂಡಲಗಿಯ ಹನುಮಪ್ಪನಿಗೆ ಕೈಮುಗಿದು ಬರುವವಳು. ಗ್ಯಾಸು ಪಾಯಸ ಕುದಿದ ಮೇಲೆ ಮುಗಿದರೆ ಅದೂ ಅವನ ಕೃಪೆ ಎಂದು ನಂಬಿದವಳು. ಅವನ ಮುಂದೆ ನಿಂತಾಗಲೆಲ್ಲ ನನಗೆ ಭಾವನವರ ನಾಯಕರು ನೆನಪಾಗುತ್ತಾರೆ. ಅಲ್ಲ, ಇವನೂ ಒಬ್ಬಂಟಿ ಗಂಡಸೇ ತಾನೇ? ಎಂದಾದರೂ ತಣ್ಣಗಾದ ಚಹಾ ನೋಡುತ್ತ ಕೂತಿದ್ದಾನೆಯೇ? ಬೇರೆಯವರ ಹೆಂಡತಿ ಕಾಣೆಯಾದರೆ ಸಮುದ್ರ ಹಾರಿ ಹುಡುಕಿ ಬಂದ! ಭಾವನವರಿಗೆ ಇದನ್ನೂ ಹೇಳಿ ನೋಡಿದೆ. "ಅವಗ ಬಾಲ ಇತ್ತು ತಂಗಿ" ಎಂದುಬಿಟ್ಟರು.

ತಮ್ಮ ಕಥೆ ಕೇಳಿದವರು ಅತ್ತೇ ಅಳುತ್ತಾರೆ ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಅದಕ್ಕೆ ಕಾರಣ ನಾವು. ವರ್ಷದ ಖಾರಪುಡಿಗೆಂದು ಮೆಣಸಿನಕಾಯಿ ತಂದು ಪಡಸಾಲೆಯಲ್ಲಿ ಸುರಿದುಕೊಂಡು, ಓಣಿಯ ಹೆಂಗಸರೆಲ್ಲ ಸೇರಿ ತೊಟ್ಟು ಮುರಿಯುತ್ತ ಕೂರುತ್ತೇವಲ್ಲ, ಆಗಲೇ ಅವರು ಕಥೆ ಓದುವುದು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣವಷ್ಟೇ, ಖಾರವಿಲ್ಲ ಎನ್ನುತ್ತೀರಾ? ಒಂದು ಚೀಲ ಮನೆಯೊಳಗೆ ಸುರಿದು ಕೂತು ನೋಡಿ, ಆಮೇಲೆ ಮಾತಾಡೋಣ! ಒಬ್ಬಳು ಸೀನುತ್ತಾಳೆ, ಒಬ್ಬಳು ಮೂಗು ಸೊರ್ರನೆ ಎಳೆದುಕೊಳ್ಳುತ್ತಾಳೆ, ಎಲ್ಲರ ಕಣ್ಣಲ್ಲೂ ಧಾರಾಕಾರ. ಭಾವನವರು ಕನ್ನಡಕ ತೆಗೆದು ನಮ್ಮನ್ನು ನೋಡಿ, ತಾವೂ ಗದ್ಗದರಾಗಿ, "ಸಮಾಧಾನ ಮಾಡ್ಕೋರ್ರಿ, ಇನ್ನೂ ಎರಡು ಪುಟ ಐತಿ" ಎನ್ನುತ್ತಾರೆ. ನಿಜ ಹೇಳುವ ಧೈರ್ಯ ಯಾರಿಗಿದೆ?

ಒಮ್ಮೆ ಹಾಗೇ ಓದುತ್ತಿದ್ದಾಗ ಪಕ್ಕದ ಮನೆಯ ಮಾಬೂಬಿ ಸೆರಗಿನಿಂದ ಮೂಗು ಒರೆಸಿಕೊಂಡು ಕೇಳಿದಳು: "ಅಲ್ರೀ ಅಣ್ಣಾರ, ಅಕಿ ದಿನಾ ರೈಲು ಹತ್ತಿ ಹೋಗ್ತಾಳ. ಬುತ್ತಿ ಒಯ್ದಾಳೋ ಇಲ್ಲೋ?" ನಾವೆಲ್ಲ ನಕ್ಕೆವು. ಅವಳು ಅಷ್ಟಕ್ಕೇ ಬಿಡಲಿಲ್ಲ. ಭಾವನವರ ಹೆಂಡತಿಯ ಕಡೆ ತಿರುಗಿ, "ಖರೇ ಹೇಳ್ರಿ ವೈನಿ, ಯಾರಕಿ?" ಎಂದಳು.

ಭಾವನವರ ಹೆಂಡತಿ ಎಂದರೆ ನನ್ನ ನೆಗೆಣ್ಣಿ. ನಾನು ಅಕ್ಕ ಎಂದೇ ಕರೆಯುತ್ತೇನೆ. ಅಕ್ಕ ಮಾತ್ರ ಆ ದಿನ ನಗಲಿಲ್ಲ. ಕೈಯಲ್ಲಿದ್ದ ಮೆಣಸಿನಕಾಯಿ ಬುಟ್ಟಿಗೆ ಹಾಕಿ, "ನನ್ನ ಹತ್ರ ಹಸಿರು ಸೀರೀನ ಇಲ್ಲವಾ" ಎಂದಳು.

ಅಲ್ಲಿಂದ ಶುರುವಾಯಿತು ನೋಡಿ. "ಯಾರ್ರೀ ಅಕಿ?" ಎಂದು ಗಂಡನನ್ನು ಕೇಳಿದಳು. "ಕಥಿ ಅಂದ್ರ ಕಥಿ" ಎಂದು ಅವರು ಹಾಳೆ ಮಡಿಸಿಟ್ಟರು. ಮದುವೆ ಮನೆಗಳಲ್ಲಿ ಹಸಿರು ಸೀರೆಯುಟ್ಟ, ತಲೆ ನರೆತ ಹೆಂಗಸು ಕಂಡರೆ ಸಾಕು, ಅಕ್ಕ ಹೋಗಿ ಪಕ್ಕದಲ್ಲೇ ಕೂತು, "ನೀವು ರಾಣೆಬೆನ್ನೂರ ಕಡೆಯವರೇನ್ರಿ?" ಎಂದು ವಿಚಾರಿಸತೊಡಗಿದಳು. ಒಬ್ಬಾಕೆಯಂತೂ ಅಕ್ಕ ಮಗನಿಗೆ ಹೆಣ್ಣು ಕೇಳಲು ಬಂದಿದ್ದಾಳೆಂದು ತಿಳಿದು ಮೊಮ್ಮಗಳನ್ನು ಕರೆದು ತೋರಿಸಿದಳು! ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆದರೆ ಒಂದು ಶನಿವಾರ ಗುಡಿಯ ಕಟ್ಟೆಯ ಮೇಲೆ ಕಾಯಿ ಒಡೆಸಿಕೊಂಡು ಕೂತಾಗ ಅಕ್ಕ ಮೆಲ್ಲಗೆ ಹೇಳಿದಳು: "ಜಗಳಾ ತಗ್ಯಾಂಗಿಲ್ಲ ತಂಗಿ. ಇಷ್ಟು ವರ್ಷ ಆತು, ಇನ್ನೇನ ಜಗಳಾ? ಆದ್ರ ಅಡಗಿ ಮಾಡಿ ಹಾಕಿದಾಕಿ ನಾನು. ಬರಿಯೂ ಹೊತ್ತಿಗೆ ಇವ್ರಿಗೆ ನೆನಪಾಗೂದು ಯಾರು ಅಂತ ಗೊತ್ತಾದ್ರ ಸಾಕು." ಆಮೇಲೆ ನನಗೆ ನಗು ಬರಲಿಲ್ಲ.

ಅಷ್ಟರಲ್ಲಿ ಹಾವೇರಿಯ ಓದುಗರ ಬಳಗವೊಂದು ಭಾವನವರನ್ನು ಕಥೆ ಓದಲು ಕರೆಯಿತು. ಎಂದೂ ಬಾರದ ಅಕ್ಕ ತಾನೂ ಬರುತ್ತೇನೆಂದು ಹೊರಟಳು. ನನ್ನನ್ನೂ ಎಳೆದುಕೊಂಡಳು. ಯಾಕೆಂದು ಸಭೆಯಲ್ಲಿ ಕೂತ ಮೇಲೆ ಗೊತ್ತಾಯಿತು. ಮೂರನೇ ಸಾಲಿನಲ್ಲೊಂದು ಹಸಿರು ಸೀರೆ! ಅಕ್ಕ ನನ್ನ ತೊಡೆ ಚಿವುಟಿದ ಗುರುತು ಎಷ್ಟೋ ದಿನ ಇತ್ತು.

ಭಾವನವರು ಓದಿದರು. ನಾಯಕ ಓಡಿದ, ರೈಲು ಬಿಟ್ಟಿತು, ಚಹಾ ತಣ್ಣಗಾಯಿತು. ಅವರು ರೂಢಿಯಂತೆ ಕನ್ನಡಕ ತೆಗೆದು ಸಭೆಯನ್ನು ನೋಡಿದರು. ಒಂದು ಕಣ್ಣೂ ಒದ್ದೆಯಾಗಿರಲಿಲ್ಲ! ಮೊದಲ ಸಾಲಿನ ಹಿರಿಯರು ಫ್ಯಾನಿನ ಗಾಳಿಗೆ ಸುಖವಾಗಿ ನಿದ್ದೆ ಹೋಗಿದ್ದರು. ಮೆಣಸಿನಕಾಯಿ ಇಲ್ಲದ ಸಭೆಯನ್ನು ಭಾವನವರು ಕಂಡಿದ್ದು ಅದೇ ಮೊದಲು. ಪಾಪ, ಮುಖ ಇಷ್ಟೇ ಆಯಿತು.

ಆಗ ಎದ್ದು ನಿಂತವಳು ಆ ಹಸಿರು ಸೀರೆಯವಳೇ. ನಾನು ಅಕ್ಕನ ಕೈ ಹಿಡಿದುಕೊಂಡೆ. "ಸರ್, ಇದು ಖರೇನ ನಡದದ್ದೇನ್ರಿ?" ಎಂದು ಕೇಳಿದಳು. ಪುಣ್ಯಕ್ಕೆ, ಕೇಳಿದ ಧಾಟಿ ನೋಡಿದರೆ ಭಾವನವರ ಗುರುತಿಲ್ಲದವಳು.

ಭಾವನವರು ಹಾಳೆ ಕೆಳಗಿಟ್ಟರು. "ನಡದದ್ದ ರೀ. ಮದುವ್ಯಾದ ಹೊಸದಾಗಿ ರಾಣೆಬೆನ್ನೂರಾಗ ಬಾಡಿಗಿ ಖೋಲಿ ಮಾಡಿದ್ವಿ. ಪಂಚಮಿಗೆ ಕರಕೊಂಡು ಹೋಗಾಕ ನನ್ನ ಹೇಣ್ತಿ ಅಣ್ಣ ಬಂದಿದ್ದ. ಗಾಡಿ ನಿಂತಿತ್ತು, ಚಹಾ ತರ್ತೇನಿ ಅಂತ ಹೋದೆ. ಬರೂದ್ರಾಗ ಬಿಟ್ಟಿತ್ತು. ಇಕಿ ಹೊಳ್ಳಿ ನೋಡ್ಲಿಲ್ಲ. ಖೋಲಿಗೆ ಬಂದು ಕೀಲಿ ತಗದ್ರ ಒಳಗ ಯಾರೂ ಇಲ್ರೀ. ಅಂಥಾ ಸಂಜಿ ನನಗ ಮತ್ತ ಬಂದಿಲ್ಲ. ಅದೊಂದನ್ನ ತಿರುಗಿಸಿ ತಿರುಗಿಸಿ ಬರೀತೇನಿ."

"ಹಂಗಾರ ಅವರು ತಿರುಗಿ ಬಂದ್ರಂತ ಯಾಕ ಬರಿಯಂಗಿಲ್ಲ ಸರ್?"

"ಬಂದದ್ದು ಮನ್ಯಾಗ ಐತಲ್ರಿ. ಕಥ್ಯಾಗ ಯಾಕ ಬೇಕು?"

ಸಭೆ ನಕ್ಕಿತು. ನಾನು ಅಕ್ಕನ ಕಡೆ ತಿರುಗಿದೆ. ಅವಳು ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಿದ್ದಳು. ಕೆನ್ನೆಯ ಮೇಲೆ ನೀರು. ಹತ್ತಿರದಲ್ಲೆಲ್ಲೂ ಮೆಣಸಿನಕಾಯಿ ಇರಲಿಲ್ಲ.

"ಆ ಸೀರಿ ನನ್ನ ತಂಗಿ ಬೇಡಿದ್ಲು, ತವರಮನ್ಯಾಗ ಕೊಟ್ಟು ಬಂದಿದ್ದೆ. ಪೂರಾ ಮರತಿದ್ದೆ ನೋಡು" ಎಂದಳು. ಕೆನ್ನೆ ಒರೆಸಿಕೊಂಡು, "ಹೊಳ್ಳಿ ನೋಡಿದ್ರ ಇಳದ ಬಿಡತಿದ್ದೆ. ಅಣ್ಣ ನಕ್ಕಾನು ಅಂತ ನೋಡ್ಲಿಲ್ಲ" ಎಂದಳು.

ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಬ್ಯಾಡಗಿ ಬಸ್ಸು ಹೊರಡಲು ನಿಂತಿತ್ತು. ನಮ್ಮಿಬ್ಬರನ್ನು ಹತ್ತಿಸಿ, ಈಗ ಬಂದೆ ಎಂದು ಹೋದ ಭಾವನವರ ಸುಳಿವಿಲ್ಲ. ಕಂಡಕ್ಟರ್ ಸೀಟಿ ಊದಿದ, ಬಸ್ಸು ಅಲುಗಿತು. ಹಿಂದಿನಿಂದ, ಎರಡು ಕೈಯಲ್ಲಿ ಎರಡು ಕಪ್ಪು ಹಿಡಿದುಕೊಂಡು, ಚೆಲ್ಲದಂತೆ ಅರ್ಧ ಓಡುತ್ತ ಅರ್ಧ ನಡೆಯುತ್ತ ಬರುತ್ತಿದ್ದರು!

ಅಕ್ಕ ಕಿಟಕಿಯಿಂದ ಹೊರಳಿ ನೋಡಿದಳು. ಎದ್ದು ಬಾಗಿಲಿಗೇ ಹೋಗಿ ನಿಂತಳು. "ಏ ತಮ್ಮಾ, ನಿಲ್ಲಸು! ನಮ್ಮ ಮನಿಯವ್ರು ಚಹಾ ತರಾಕತ್ತಾರ!"

ಬಸ್ಸು ನಿಂತಿತು. ಅಕ್ಕ ಮೆಟ್ಟಿಲ ಮೇಲೆ ನಿಂತೇ ಕಪ್ಪು ಇಸಿದುಕೊಂಡು ಒಂದು ಗುಟುಕು ಕುಡಿದು, "ಸಕ್ರಿ ಕಮ್ಮಿ ಆಗೇತಿ" ಎಂದಳು. ನನಗೂ ಒಂದು ಬೇಕಿತ್ತೆಂಬುದನ್ನು ಇಬ್ಬರೂ ಮರೆತಿದ್ದರು. ಇರಲಿ. ಹನುಮಪ್ಪನ ಕೃಪೆ, ಎರಡೂ ಚಹಾ ಬಿಸಿಯಾಗಿದ್ದವು.