ಬಿಂದುಜಾಳ ಅಲುಗದ ನೃತ್ಯ

ಓಣಿಗೆಲ್ಲ ಅಕ್ಕನಂತಿರುವ ಪಕ್ಕದ ಮನೆಯ ಅಮ್ಮಿಣಿ ಚೇಚಿಯ ಹತ್ತಿರ "ಇವತ್ತು ಗೋದಾಮಲ್ಲಿ ನನ್ನ ಡ್ಯಾನ್ಸ್" ಎಂದು ಬಿಂದುಜಾ ಬಾಯಿಬಿಡಬಾರದಿತ್ತು. ಹಾಲಿನ ಪ್ಯಾಕೆಟ್ ಎತ್ತಿಕೊಳ್ಳಲು ಬಾಗಿಲು ತೆರೆದಾಗ ಮಾತು ಜಾರಿಹೋಯಿತು.

ಹತ್ತು ವರ್ಷ ಮೋಹಿನಿಯಾಟ್ಟಂ ಕುಣಿದು, ಆಮೇಲೆ ನಾಟಕ, ಚಿತ್ರ, ಸದ್ದು ಎಲ್ಲವನ್ನೂ ನೃತ್ಯಕ್ಕೆ ಬೆರೆಸುತ್ತ, ನಲವತ್ತೆರಡನೆಯ ವಯಸ್ಸಿಗೆ ಅವಳು ಬಂದು ತಲುಪಿದ್ದು ಮಟ್ಟಾಂಚೇರಿಯ ಹಳೆಯ ಶುಂಠಿ ಗೋದಾಮಿನ ನೆಲಕ್ಕೆ. ಅಲ್ಲಿ ಗೋಣಿಚೀಲಗಳ ನಡುವೆ ಮೂರು ಗಂಟೆ ಅಲುಗದೆ, ಮಾತಾಡದೆ ಮಲಗಿರುವುದೇ ಅವಳ ಹೊಸ ಕೃತಿ. ಓಣಿಯವರಿಗೆ ಇದನ್ನು ಹೇಳಲು ನಾಚಿಕೆ. ಅವರ ಪಾಲಿಗೆ ಅವಳಿನ್ನೂ ಜರಿಯಂಚಿನ ಸೀರೆಯುಟ್ಟು ಕಣ್ಣು ಹೊರಳಿಸುವ ಹುಡುಗಿ.

ಹನ್ನೊಂದಕ್ಕೆ ಮಲಗಿದಳು. ಮೂವತ್ತು ಮಂದಿ ಸುತ್ತ ಗದ್ದ ಹಿಡಿದು ನಿಂತರು. ಅವರಲ್ಲಿ ಇದನ್ನು ಏರ್ಪಡಿಸಿದ ಕಲಾ ಉತ್ಸವದ ಮುಖ್ಯಸ್ಥ ಇಟ್ಟೂಪ್ ಸಾರ್ ಕೂಡ ಇದ್ದರು. ಮುಂದಿನ ವರ್ಷ ಲಿಸ್ಬನ್ನಿನ ಕಲಾಮೇಳಕ್ಕೆ ಯಾರು ಹೋಗಬೇಕೆಂದು ಆರಿಸುವವರು ಅವರೇ.

ಹನ್ನೆರಡಕ್ಕೆ ಬಾಗಿಲಲ್ಲಿ ಮಲ್ಲಿಗೆಯ ಘಮ. ರೇಷ್ಮೆ ಸೀರೆಯ ಅಮ್ಮಿಣಿ ಚೇಚಿ, ಹಿಂದೆ ಓಣಿಯ ಆರು ಜನ, ಒಬ್ಬರ ಕೈಯಲ್ಲಿ ಬಾಳೆಹಣ್ಣಿನ ಬಜ್ಜಿಯ ಡಬ್ಬಿ.

"ಅಯ್ಯಯ್ಯೋ, ನಮ್ಮ ಬಿಂದು ಬಿದ್ದೋಗಿದಾಳೆ! ಕಂಬದ ಹಾಗೆ ನಿಂತು ನೋಡ್ತಿದೀರಲ್ಲ, ಮನುಷ್ಯರಾ ನೀವು?" ಚೇಚಿ ಕಿರುಚಿದರು.

ಮಾತಾಡಿದರೆ ಕೃತಿ ಕೆಟ್ಟಿತು, ಲಿಸ್ಬನ್ ಹೋಯಿತು. ಬಿಂದುಜಾ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು.

"ಕಣ್ಣೂ ಮುಚ್ಚಿಬಿಟ್ಳು!" ಚೇಚಿ ಎದೆ ಬಡಿದುಕೊಂಡರು. ನಿವೃತ್ತ ಕಾಂಪೌಂಡರ್ ವರೀತ್ ಕೈ ಹಿಡಿದು, "ನಾಡಿ ಕುದುರೆ ಹಾಗೆ ಓಡ್ತಿದೆ. ಗ್ಯಾಸು" ಎಂದರು. ಒಬ್ಬರು ತಲೆಗೆ ಒಂದು ಕೊಡ ನೀರು ಸುರಿದರು. ಉಳಿದ ನಾಲ್ವರು ಅವಳನ್ನು ಹಲಸಿನ ಮೂಟೆಯಂತೆ ಎತ್ತಿ ಕೈಗಾಡಿಗೆ ಹಾಕಿ ತಳ್ಳಿದರು. ಮೂವತ್ತು ಪ್ರೇಕ್ಷಕರೂ ಫೋನು ಎತ್ತಿ ಹಿಡಿದು ಮೌನವಾಗಿ ಹಿಂಬಾಲಿಸಿದರು. "ಯಾರು ಹೋಗ್ಬಿಟ್ರು?" ಎಂದು ಮೀನು ಮಾರುವವಳು ಕೇಳಿದ್ದು ಬಿಂದುಜಾಳ ಕಿವಿಗೂ ಬಿತ್ತು. ಗಾಡಿಯ ಹಲಗೆಯೊಳಗೇ ಇಳಿದುಹೋಗಬಾರದೇ ಎನ್ನಿಸಿತು.

ಕ್ಲಿನಿಕ್ಕಿನಲ್ಲಿ ಡಾಕ್ಟರು ಕೇಳಿದರು, "ಏನಾಗಿದೆಯಮ್ಮಾ?"

ಇನ್ನು ತಡೆಯಲಾಗಲಿಲ್ಲ. "ಏನೂ ಇಲ್ಲ ಡಾಕ್ಟ್ರೇ. ಡ್ಯಾನ್ಸ್ ಮಾಡ್ತಿದ್ದೆ."

ಡಾಕ್ಟರು ಅವಳ ಒದ್ದೆ ತಲೆಯನ್ನೇ ನೋಡಿದರು. "ಎಷ್ಟು ದಿನದಿಂದ ಹೀಗೆ?"

ಚೇಚಿಗೆ ವಿಷಯ ತಿಳಿದು ಮುಖ ಸಣ್ಣಗಾಯಿತು. "ನಮಗೊಂದು ಮಾತು ಹೇಳ್ಬಾರದಿತ್ತಾ ಮೋಳೇ, ಮಗಳೇ?"

"ನಾಚಿಕೆ ಆಯ್ತು ಚೇಚಿ." ಈಗ ಅದು ಎರಡರಷ್ಟಾಗಿತ್ತು.

ಅಷ್ಟರಲ್ಲಿ ಇಟ್ಟೂಪ್ ಸಾರ್ ಕಣ್ಣೊರೆಸುತ್ತ ನುಗ್ಗಿಬಂದರು. "ಅದ್ಭುತ! ಲಿಸ್ಬನ್ನಿಗೆ ಇದೇ ಹೋಗ್ಬೇಕು!"

ಬಿಂದುಜಾ ತಟ್ಟನೆ ಎದ್ದು ಕುಳಿತಳು. ಅವರು ಅವಳನ್ನು ದಾಟಿ ಹೋಗಿ ಚೇಚಿಯ ಕೈ ಹಿಡಿದುಕೊಂಡರು. "ಆ ಎದೆ ಬಡ್ಕೊಂಡ ರೀತಿ! ನೀವು, ನಾಡಿ ನೋಡಿದವರು, ನೀರು ಹಾಕಿದವರು, ಹೊತ್ತವರು ನಾಲ್ಕು ಜನ. ಏಳೇ ಟಿಕೆಟ್ಟು. ಮಲಗೋದಕ್ಕೆ ಅಲ್ಲೇ ಯಾರಾದ್ರೂ ಸಿಗ್ತಾರೆ."

"ನಾವೆಲ್ಲ ಹೋದ್ರೆ ಹೇಗೆ ಸಾರ್?" ಚೇಚಿ ಬಿಂದುಜಾಳ ಕಡೆ ತಿರುಗಿದರು. ಬಿಂದುಜಾ ಅವರ ಸೆರಗು ಹಿಡಿದುಕೊಂಡಳು; ತನಗಾಗಿ ಮಾತಾಡಲು ಇವರೊಬ್ಬರಾದರೂ ಇದ್ದಾರಲ್ಲ!

"ಹ್ಞಾ, ನೀನಿರ್ತೀಯಲ್ಲ" ಎಂದು ಚೇಚಿ ಅವಳ ತಲೆ ನೇವರಿಸಿದರು. "ನನ್ನ ಕೋಳಿಗಳಿಗೆ ಹೊತ್ತುಹೊತ್ತಿಗೆ ಕಾಳು ಹಾಕ್ಬೇಕು. ಅಷ್ಟು ಅಲ್ಲಾಡ್ತೀಯಲ್ವಾ ಮೋಳೇ?"