ಗುರುಸಿದ್ದಪ್ಪ ಮಾಸ್ತರರ ಆಜ್ಞಾಪಟ್ಟಾ

“ನೀಲವ್ವಾ, ಇವತ್ತು ನಾನ ಕಂಪ್ಯೂಟರ್!” ಎಂದು ಗುರುಸಿದ್ದಪ್ಪ ಮಾಸ್ತರರು ಪಡಸಾಲೆಯ ನಡುವೆ ನಿಂತು ಘೋಷಿಸಿದರು.

ಅವರ ಧೋತರದ ಮೇಲೆ, ಸೊಂಟದ ಸುತ್ತ, ಅಂಗೈ ಅಗಲದ ಕರಿ ಪಟ್ಟಾ ಬಿಗಿದಿತ್ತು. ಮುಂದುಗಡೆ ಬಟಾಣಿಯಷ್ಟು ಗಾಜಿನ ಕಣ್ಣು. ಅದರ ಎರಡೂ ಪಕ್ಕಕ್ಕೆ ಏಡಿಯ ಕೊಂಡಿಯಂಥ ತಂತಿ ಬೆರಳುಗಳು.

“ಇಷ್ಟು ದಿನ ತಲಿ ಒಂದ ಕೆಟ್ಟಿತ್ತು. ಈಗ ಪೂರಾ ಮೈ ಕೆಟ್ಟಂಗಾತು,” ಎಂದು ಅಡುಗೆಮನೆಯಿಂದ ಅವರ ಹೆಂಡತಿ ದಾನಮ್ಮ ಹೇಳಿದರು.

ನೀಲಾಂಬಿಕೆಗೆ ನಗು ಬಂದರೂ ತಡೆದುಕೊಂಡಳು. ಮಾಸ್ತರರು ಅವಳ ಸೋದರಮಾವ. ಐಟಿಐಯಲ್ಲಿ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತರಾದವರು. ಅವಳು ಗದಗಿನ ಒಂದು ಮುದ್ರಣಾಲಯದಲ್ಲಿ ಹದಿನೈದು ವರ್ಷದಿಂದ ಕರಡು ತಿದ್ದುತ್ತಿದ್ದಳು. ಮೂವತ್ತಾರನೆಯ ವಯಸ್ಸಿನಲ್ಲಿ ಕೋಡಿಂಗ್ ಕಲಿಯುವ ಆಸೆ ಹುಟ್ಟಿ, ಆನ್‌ಲೈನ್ ತರಗತಿಗೆ ಸೇರಿದ್ದಳು. ಮೊದಲ ಪಾಠಗಳು ಮುಗಿದಿದ್ದವು. ಆ ದಿನ ಮಧ್ಯಾಹ್ನ ಹನ್ನೆರಡರೊಳಗೆ ಮೂರು ದಾರಿಗಳಲ್ಲಿ ಒಂದನ್ನು ಆರಿಸಿ ಕಳಿಸಬೇಕಿತ್ತು: ಪರದೆಯ ಮೇಲೆ ಕಾಣುವುದನ್ನು ಕಟ್ಟುವುದು, ಅದರ ಹಿಂದೆ ನಡೆಯುವ ಕೆಲಸವನ್ನು ಬರೆಯುವುದು, ಇಲ್ಲವೇ ಮಂದಿ ಬರೆದದ್ದರಲ್ಲಿ ತಪ್ಪು ಹುಡುಕುವುದು. “ನಿನಗ ತಪ್ಪು ಹುಡುಕೋದ ಸರಿ” ಎಂದು ಕೇಳಿದವರೆಲ್ಲ ಹೇಳಿದ್ದರು. ಎಲ್ಲರೂ ಒಂದೇ ಮಾತು ಹೇಳಿದ್ದರಿಂದಲೋ ಏನೋ, ಅವಳಿಗೆ ಅನುಮಾನ ಹುಟ್ಟಿತ್ತು.

“ದಾರಿ ಆರಿಸೋಕಿಂತ ಮೊದಲು ಕಂಪ್ಯೂಟರ್ ನಮ್ಮ ಮಾತು ಹೆಂಗ ಕೇಳ್ತೈತಿ ಅನ್ನೋದನ್ನ ಕಣ್ಣಾರೆ ನೋಡು,” ಎಂದು ಮಾಸ್ತರರು ಅವಳ ಕೈಗೆ ಪಾಟಿಯಂಥ ಒಂದು ಫಲಕ ಕೊಟ್ಟರು. “ಇದರ ಮ್ಯಾಲೆ ಕನ್ನಡದಾಗ ಆಜ್ಞೆ ಬರಿ. ಪಟ್ಟಾ ನನ್ನ ನರಕ್ಕ ಸಣ್ಣ ಕರೆಂಟು ಬಿಡ್ತೈತಿ. ಕೈಕಾಲು ನೀ ಹೇಳಿದಂಗ ಕೇಳ್ತಾವ. ಬಾಯಿ ಒಂದ ನಂದು!”

“ಅದನ್ನೂ ಕೊಟ್ಟುಬಿಡಬೇಕಿತ್ತು,” ಎಂದರು ದಾನಮ್ಮ.

“ಬಂದ್ ಮಾಡೋ ಸ್ವಿಚ್ ಎಲ್ಲೈತಿ ಮಾಮಾ?”

“ಇಟ್ಟಿಲ್ಲ! ಸ್ವಿಚ್ ಇದ್ದರ ಮಂದಿ ಅರ್ಧಕ್ಕ ಬಿಡ್ತಾರ. ಇದರ ಕೀಲಿ ನನ್ನ ಬೆರಳಿಗಷ್ಟ ಬಿಚ್ತೈತಿ. ಆಜ್ಞೆ ಪೂರ್ತಿ ಮುಗಿದು, ಹತ್ತು ಎಣಿಸೋತನ ಸುಮ್ಮನಿದ್ದರ ತಾನ ಬಿಚ್ಚಿಕೊಳ್ತೈತಿ.”

ನೀಲಾಂಬಿಕೆ ‘ಚಹಾ ಕೊಡು’ ಎಂದು ಬರೆದಳು. ಮಾಸ್ತರರು ಕಂಬದಂತೆ ನಿಂತೇ ಇದ್ದರು.

“ಎಲ್ಲಿಂದ? ಯಾವುದರಾಗ? ಬಿಡಿಸಿ ಬರಿಯವ್ವಾ!”

ಅವಳು ಬಿಡಿಸಿ ಬರೆದಳು: ‘ಮೇಜಿನ ಮೇಲಿನ ಕಿಟ್ಲಿ ಎತ್ತು. ಕಪ್ ತುಂಬುವವರೆಗೆ ಸುರಿ.’

ಮಾಸ್ತರರ ಕೈ ಕಿಟ್ಲಿ ಎತ್ತಿತು. “ನೋಡ್ದಿ?” ಎಂದು ಅವರು ಹೆಮ್ಮೆಯಿಂದ ಹೆಂಡತಿಯತ್ತ ತಿರುಗುವಷ್ಟರಲ್ಲಿ ಚಹಾ ಮೇಜಿನ ಮೇಲೆಲ್ಲ ಹರಿಯತೊಡಗಿತು. ದಾನಮ್ಮ ಕಪ್ಪನ್ನು ತೊಳೆದು ಬೋರಲು ಹಾಕಿದ್ದರು! ಬೋರಲು ಕಪ್ ಎಂದಾದರೂ ತುಂಬುತ್ತದೆಯೇ? ಕಿಟ್ಲಿ ಬರಿದಾಯಿತು. ಕೈ ಮಾತ್ರ ಸುರಿಯುತ್ತಲೇ ಇತ್ತು.

“ಕಪ್ ನೆಟ್ಟಗ ಇಡ್ರೀ ಅತ್ತಿ!”

“ಇಟ್ಟೆ. ಕಿಟ್ಲಿಯೊಳಗ ಏನೈತಿ ತುಂಬಾಕ?” ಎನ್ನುತ್ತ ದಾನಮ್ಮ ಒಂದು ಚೊಂಬು ನೀರು ತಂದು ಕಪ್ಪಿಗೆ ಸುರಿದರು. ಕಪ್ ತುಂಬಿತು. ಕೈ ತಟ್ಟನೆ ನಿಂತಿತು.

ನೀಲಾಂಬಿಕೆ ಫಲಕವನ್ನೇ ದಿಟ್ಟಿಸುತ್ತಿದ್ದಳು. ಬರೆದದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಆದರೂ ಚಹಾ ನೆಲದ ಮೇಲಿತ್ತು. ಹದಿನೈದು ವರ್ಷದಲ್ಲಿ ಇಂಥ ತಪ್ಪನ್ನು ಅವಳು ಕಂಡಿರಲಿಲ್ಲ. ಕಾಗುಣಿತ ಸರಿ, ವ್ಯಾಕರಣ ಸರಿ, ಲೋಕವೇ ತಪ್ಪು!

“ಏಳು, ಎಂಟು…” ಎಂದು ದಾನಮ್ಮ ಎಣಿಸುತ್ತಿದ್ದರು, ಪಟ್ಟಾ ಯಾವಾಗ ಬಿಚ್ಚುತ್ತದೋ ಎಂದು. ಒಂಬತ್ತು ಅನ್ನುವ ಮೊದಲೇ ನೀಲಾಂಬಿಕೆಯ ಬೆರಳು ಇನ್ನೊಂದು ಸಾಲು ಬರೆದಾಗಿತ್ತು: ‘ಬಾಗಿಲು ಸಿಗುವವರೆಗೆ ನೇರ ನಡೆ.’

ಬಾಗಿಲು ಹತ್ತೇ ಹೆಜ್ಜೆ ದೂರದಲ್ಲಿತ್ತು. ಆದರೆ ತೆರೆದಿತ್ತು! ಗಾಜಿನ ಕಣ್ಣಿಗೆ ಹಲಗೆ ಕಾಣಲಿಲ್ಲ, ಬರೀ ಬಯಲು ಕಂಡಿತು. ಮಾಸ್ತರರು ಹೊಸ್ತಿಲು ದಾಟಿ, ಎದುರಿಗೆ ಚಾಚಿದ್ದ ಓಣಿಗೆ ಇಳಿದೇಬಿಟ್ಟರು.

“ನಿಲ್ಲಸವ್ವಾ! ಮೈಮ್ಯಾಲೆ ಚಹಾ, ಕೈಯಾಗ ಕಿಟ್ಲಿ! ಮಂದಿ ಏನಂದಾರು?”

“ಒಂದು ನಿಮಿಷ ಮಾಮಾ, ಯಾವ ಬಾಗಿಲಿಗೆ ನಿಲ್ತೀರಿ ನೋಡೂಣು!” ಎಂದು ನೀಲಾಂಬಿಕೆ ಹಿಂದೆ ಓಡಿದಳು. ಹಾಗೆ ಮಾಡಬಾರದೆಂದು ಅವಳಿಗೆ ಗೊತ್ತಿತ್ತು. ಆದರೂ ನೋಡಬೇಕೆನಿಸಿತು.

ಹಗಲು ಹೊತ್ತು ಓಣಿಯ ಯಾವ ಮನೆಯ ಬಾಗಿಲು ಮುಚ್ಚಿರುತ್ತದೆ? ಓಣಿಯ ಕೊನೆಯಲ್ಲಿ ಮುಚ್ಚಿದ್ದದ್ದು ಒಂದೇ: ಅಡಿವೆಪ್ಪನವರ ಹಿತ್ತಿಲಿನ ಬಚ್ಚಲಮನೆಯ ತಗಡಿನ ಬಾಗಿಲು. ಮಾಸ್ತರರು ಹಿಂದೊಮ್ಮೆ ಮಾಡಿದ ಸೊಳ್ಳೆ ಓಡಿಸುವ ಯಂತ್ರ ಇಡೀ ಓಣಿಯ ಸೊಳ್ಳೆಗಳನ್ನು ಅಡಿವೆಪ್ಪನವರ ಮನೆಗೆ ಓಡಿಸಿತ್ತು. ಅಂದಿನಿಂದ ಆರು ವರ್ಷ ಎರಡು ಮನೆಗಳ ನಡುವೆ ಮಾತಿರಲಿಲ್ಲ.

ಮಾಸ್ತರರು ತಗಡಿನ ಮುಂದೆ ಗಕ್ಕನೆ ನಿಂತರು. ಒಂದು, ಎರಡು, ಮೂರು… ಇನ್ನೇನು ಪಟ್ಟಾ ಬಿಚ್ಚಬೇಕು, ಆಗ ಬಾಗಿಲು ತೆರೆಯಿತು! ಸೊಂಟಕ್ಕೆ ಟವೆಲ್ಲು, ಕಿವಿಯಲ್ಲಿ ಸಾಬೂನಿನ ನೊರೆ, ಅಡಿವೆಪ್ಪ ಹೊರಗೆ ಬಂದರು. ಬಾಗಿಲು ತೆರೆದದ್ದರಿಂದ ಬಾಗಿಲು ಇಲ್ಲದಂತಾಯಿತು. ಮಾಸ್ತರರು ಅವರನ್ನು ಒರಸಿಕೊಂಡು ಸೀದಾ ಒಳಗೆ ನಡೆದರು.

“ಆರು ವರ್ಷದ ಮ್ಯಾಲೆ ಮನಿಗೆ ಬಂದ್ರಿ. ಅದೂ ಬಚ್ಚಲಕ್ಕ?”

“ನಾ ಬಂದಿಲ್ರೀ ಅಡಿವೆಪ್ಪ, ಕಾಲು ಬಂದಾವ!”

ಗೋಡೆಗೆ ಹೊಟ್ಟೆ ಒತ್ತಿ ಮಾಸ್ತರರ ಕಾಲುಗಳು ನಿಂತಲ್ಲೇ ನಡೆಯುತ್ತಿದ್ದವು. ನೀಲಾಂಬಿಕೆ ಅವಸರದಲ್ಲಿ ‘ಗೋಡೆ ಸಿಕ್ಕರೆ ಬಲಕ್ಕೆ ತಿರುಗು’ ಎಂದು ಸೇರಿಸಿದಳು. ಅವರು ಬಲಕ್ಕೆ ತಿರುಗಿದರು. ಅಲ್ಲಿಯೂ ಗೋಡೆ! ಮತ್ತೆ ಬಲಕ್ಕೆ. ಗಾಣದ ಎತ್ತಿನಂತೆ ಸುತ್ತತೊಡಗಿದರು. ಬಾಗಿಲ ಕಡೆ ತಿರುಗಿದಾಗಲಾದರೂ ಹೊರಗೆ ಬರಬಹುದಿತ್ತು, ಆದರೆ ಓಣಿಯ ಮಂದಿಯೆಲ್ಲ ಅಲ್ಲಿ ಗೋಡೆಯಂತೆ ನೆರೆದಿತ್ತು.

“ಬಾಗಿಲಾ ಬಿಡ್ರೀ!” ಎಂದು ದಾನಮ್ಮ ಗದರಿದರು.

“ಇರ್ರಿ ಅತ್ತಿ, ಇನ್ನೊಂದು ಸುತ್ತು! ಎಲ್ಲಿ ತಪ್ಪೈತಿ ಸಿಕ್ಕಂಗಾಗೇತಿ.”

“ನನಗ ತಲಿ ತಿರಗಾಕತ್ತೈತಿ, ನಿನಗ ಸಿಕ್ಕಂಗಾಗೇತ್ಯೇನು!” ಎಂದು ಮಾಸ್ತರರು ಚೀರಿದರು.

ಅವಳು ಎರಡೂ ಸಾಲು ಅಳಿಸಿ ‘ನಿಲ್ಲು’ ಎಂದು ಬರೆದಳು. ಅವರು ನಿಂತರು, ಎತ್ತಿದ ಕಾಲು ಎತ್ತಿದಂತೆಯೇ. ನಿಲ್ಲುವುದು ಮುಗಿಯುವುದು ಯಾವಾಗ? ಎಷ್ಟು ಎಣಿಸಿದರೂ ಪಟ್ಟಾ ಬಿಚ್ಚಲಿಲ್ಲ. ‘ಪಟ್ಟಾ ಬಿಚ್ಚು’ ಎಂದು ಬರೆದಳು. ಏನೂ ಆಗಲಿಲ್ಲ.

“ಮಾಮಾ, ಅದಕ್ಕ ಪಟ್ಟಾ ಅಂದರ ಏನಂತ ಕಲಿಸೀರಿ?”

ಒಂಟಿಗಾಲಲ್ಲಿ ನಿಂತ ಮಾಸ್ತರರು ಕಣ್ಣು ಮುಚ್ಚಿದರು. “ನಾಲ್ಕು ಸಾವಿರ ಶಬ್ದ ಕಲಿಸೀನವ್ವಾ. ಅದರ ಹೆಸರೊಂದು ಬಿಟ್ಟೀನಿ.”

ನೀಲಾಂಬಿಕೆ ಉಗುರು ಕಚ್ಚಿದಳು. ಹೆಸರಿಲ್ಲದ್ದನ್ನು ಹೆಸರಿಲ್ಲದೆಯೇ ತೋರಿಸುವುದು ಹೇಗೆ? ಮೂರು ಸಲ ಬರೆದು ಅಳಿಸಿದಳು. ನಾಲ್ಕನೆಯ ಸಲ, ‘ನಿಲ್ಲು’ ಅಳಿಸದೆಯೇ, ಮೊದಲು ಅವರ ಕಾಲು ಇಳಿಸಿ ಕಿಟ್ಲಿ ಕೆಳಗಿಡಿಸಿ, ಆಮೇಲೆ ನಿಧಾನವಾಗಿ ಬರೆದಳು: ‘ಮೇಲಿನಿಂದ ಕೆಳಗೆ, ಕಟ್ಟಿದ್ದನ್ನೆಲ್ಲ ಒಂದೊಂದಾಗಿ ಬಿಚ್ಚು.’

ಮಾಸ್ತರರ ಕೈಗಳು ರುಮಾಲು ಬಿಚ್ಚಿದವು. ಕನ್ನಡಕದ ದಾರ ಬಿಚ್ಚಿದವು. ಅಂಗಿಯ ಗುಂಡಿಗಳು ಒಂದೊಂದಾಗಿ ಬಿಚ್ಚಿಕೊಂಡವು. ಬಚ್ಚಲಮನೆಯ ಮುಂದೆ ನೆರೆದವರೆಲ್ಲ ಕತ್ತು ಚಾಚಿದರು. ಕೊನೆಗೆ ಕೈ ಸೊಂಟಕ್ಕೆ ಬಂತು. ಕಟಕ್! ಪಟ್ಟಾ ಕೆಳಗೆ ಬಿತ್ತು.

“ಬಿಚ್ಚಿತು!” ಎಂದು ನೀಲಾಂಬಿಕೆ ಕುಣಿದಳು. ಮರುಕ್ಷಣವೇ ಧೋತರವೂ ಬಿತ್ತು. ಬೆಳಗಿನಿಂದ ಅದನ್ನು ಹಿಡಿದಿದ್ದದ್ದು ಪಟ್ಟಾವೇ! ಗೆರೆಗೆರೆಯ ಚಡ್ಡಿಯಲ್ಲಿ ನಿಂತ ಮಾಸ್ತರರಿಗೆ ಅಡಿವೆಪ್ಪ ಹಗ್ಗದ ಮೇಲಿದ್ದ ಲುಂಗಿಯೊಂದನ್ನು ಎಳೆದು ಸುತ್ತಿದರು. “ಒಳಗ ಬರ್ರಿ ಮಾಸ್ತರ. ಈ ಸಲ ಪಡಸಾಲಿಗೆ ಬರ್ರಿ,” ಎಂದರು.

ನೀಲಾಂಬಿಕೆ ಗಡಿಯಾರ ನೋಡಿದಳು. ಹನ್ನೆರಡಕ್ಕೆ ಹತ್ತು ನಿಮಿಷ. ಅಲ್ಲೇ ಕಟ್ಟೆಯ ಮೇಲೆ ಕೂತು, ಮೊಬೈಲಿನಲ್ಲಿ ಮೂರು ದಾರಿಗಳ ನಡುವಿನ ಚೌಕಕ್ಕೆ ಗುರುತು ಹಾಕಿ ಕಳಿಸಿಬಿಟ್ಟಳು.

ದಾನಮ್ಮ ಇಣುಕಿದರು. “ತಪ್ಪು ಹುಡುಕೋದು ಅಲ್ಲೇನ? ಎಲ್ಲಾರೂ ಅದನ್ನ ಹೇಳಿದ್ರಲ್ಲ.”

“ಇಲ್ಲ ಅತ್ತಿ, ಹಿಂದ ಕುಂತು ಬರಿಯೋದು. ಹದಿನೈದು ವರ್ಷ ಮಂದಿ ತಪ್ಪು ತಿದ್ದೀನಿ. ಇವತ್ತು ನನ್ನ ತಪ್ಪು ನಾನ ಮಾಡೀನಿ, ನಾನ ಬಿಡಿಸೀನಿ. ಭಾಳ ರುಚಿ ಐತಿ!”

“ನಮಗಲ್ಲವ್ವಾ!” ಎಂಬ ಮಾಸ್ತರರ ಧ್ವನಿ ಪಡಸಾಲೆಯಿಂದ ಬಂತು.

ಅಷ್ಟರಲ್ಲಿ ಬಚ್ಚಲಮನೆಯ ನೆಲದ ಮೇಲೆ ಕಿರ್ ಕಿರ್ ಸದ್ದಾಯಿತು. ಫಲಕದ ಆಜ್ಞೆಯನ್ನು ಯಾರೂ ಅಳಿಸಿರಲಿಲ್ಲ. ಬಿದ್ದಿದ್ದ ಪಟ್ಟಾ ತನ್ನ ತಂತಿ ಬೆರಳುಗಳಿಂದ ತನ್ನ ಒಂದು ತಿರುಪನ್ನು ಬಿಚ್ಚಿ ಪಕ್ಕಕ್ಕಿಟ್ಟಿತು. ಆಮೇಲೆ ಇನ್ನೊಂದು. ಗಾಜಿನ ಕಣ್ಣು, ತಂತಿ, ಹೊಲಿಗೆಯ ದಾರ, ಎಲ್ಲವನ್ನೂ ಸಾಲಾಗಿ ಜೋಡಿಸಿತು. ಕಟ್ಟಕಡೆಗೆ ಎಡ ಬೆರಳು ಬಲ ಬೆರಳನ್ನು ಬಿಚ್ಚಿ ಇಟ್ಟು, ತನ್ನನ್ನು ಬಿಚ್ಚುವವರು ಯಾರೂ ಇಲ್ಲವೆಂದು ಗೊತ್ತಾಗಿ, ಸುಮ್ಮನಾಯಿತು.

ಮಾಸ್ತರರು ಲುಂಗಿ ಹಿಡಿದುಕೊಂಡು ಓಡಿಬಂದರು. ಹತ್ತು ತಿಂಗಳ ಶ್ರಮ ಅವರ ಕಾಲ ಬಳಿ ಅಂಗಡಿ ಹಾಕಿದಂತೆ ಹರಡಿತ್ತು.

ದಾನಮ್ಮ ಸೆರಗಿಗೆ ಕೈ ಒರಸಿಕೊಂಡು ಬಗ್ಗಿ ನೋಡಿದರು. “ಬ್ಯಾಸರ ಮಾಡ್ಕೋಬ್ಯಾಡ್ರಿ,” ಎಂದರು. “ಇಷ್ಟು ವರ್ಷದಾಗ ನೀವು ಮಾಡಿದ ಮಷೀನಿನೊಳಗ ಹೇಳಿದ ಕೆಲಸ ಪೂರ್ತಿ ಮುಗಿಸಿದ್ದು ಇದೊಂದ.”